'ಕನಿಷ್ಠ'ದ ಒತ್ತು ಕಾಣುತ್ತಿಲ್ಲ: ಕನ್ನಡ, ಉರ್ದು ಎರಡೂ ಇರುವ ಧಾರಣೆ ಪುಟಕ್ಕೆ ಸಲಹೆ ಬೇಕು

ಗಂಜ್‌ಹುಡುಗ, ಕಲಬುರಗಿ

ನೆಹರು ಗಂಜಿನ ಅಡತಿ ವ್ಯಾಪಾರಿಯೊಬ್ಬರಿಗೆ ತೊಗರಿ, ಕಡಲೆ, ಹೆಸರುಕಾಳಿನ ದಿನದ ಧಾರಣೆ ತೋರಿಸುವ ಜಾಲಪುಟ ಕಟ್ಟುತ್ತಿದ್ದೇನೆ. ನೋಡುವವರು ಜೇವರ್ಗಿ, ಅಫಜಲಪುರ, ಚಿತ್ತಾಪುರ ಕಡೆಯ ರೈತರು. ಅವರ ಕೈಯಲ್ಲಿರುವುದು ಕಡಿಮೆ ಬೆಲೆಯ ಮೊಬೈಲ್, ಅದೂ ಬಿಸಿಲಿನಲ್ಲಿ ನಿಂತು ನೋಡುವುದು. ಗಿರಾಕಿಗಳಲ್ಲಿ ಉರ್ದು ಶಾಲೆಯಲ್ಲಿ ಓದಿದವರೂ ಇರುವುದರಿಂದ ಕನ್ನಡದ ಜೊತೆಗೆ ಉರ್ದುವೂ ಇರಲೇಬೇಕು ಎಂಬುದು ವ್ಯಾಪಾರಿಯ ಷರತ್ತು.

ಸಿದ್ಧ ವಿನ್ಯಾಸದ ಚೌಕಟ್ಟೊಂದನ್ನು ತೆಗೆದುಕೊಂಡು ಇಂಗ್ಲಿಷ್ ಇದ್ದ ಜಾಗದಲ್ಲಿ ಕನ್ನಡ ಕೂರಿಸಿದೆ. ಪಟ್ಟಿಯ ತಲೆಬರಹದಲ್ಲಿ 'ಕನಿಷ್ಠ' ಹೋಗಿ 'ಕನಿಷ' ಆಗಿದೆ, 'ಕ್ವಿಂಟಲ್' ಹೋಗಿ 'ಕಿಂಟಲ್' ಆಗಿದೆ. ಗುಂಡಿಯ ಮೇಲಿರುವ 'ಮಾರುಕಟ್ಟೆ'ಯ ಒತ್ತು ಅರ್ಧ ಮಾತ್ರ ಕಾಣುತ್ತದೆ. ಉರ್ದುವಿನ ಪಾಡು ಇನ್ನೂ ಕೆಟ್ಟದು, ಮೇಲಿನ ಚುಕ್ಕೆಗಳೇ ಇಲ್ಲ. ಯಾವ ಫಾಂಟ್ ಹಾಕಲಿ? ಅಂಕಿಗಳು ಕನ್ನಡದವು ಇರಲಿಯೋ, ಇಂಗ್ಲಿಷಿನವು ಇರಲಿಯೋ? ಇದರ ಮೇಲೆ ವ್ಯಾಪಾರಿಯ ಮಗ ಬೇರೆಯೇ ಹಟ ಹಿಡಿದಿದ್ದಾನೆ: ಓದುವ ಉಸಾಬರಿಯೇ ಬೇಡ, ಒಂದು ಮೈಕಿನ ಗುಂಡಿ ಇಡಿ, ರೈತ ಕೇಳಲಿ, ಮೊಬೈಲ್ ಹೇಳಲಿ ಎಂದು. ತಿಳಿದವರು ಹೇಳಿ.

ಭೀಮಾದಡ, ಯಾದಗಿರಿ (ಸದ್ಯ ಬೆಂಗಳೂರು)

ತಮ್ಮಾ, ಫಾಂಟ್ ಬದಲಿಸುವುದಕ್ಕೆ ಮೊದಲು ಆ ಚೌಕಟ್ಟಿನ ಸಿಎಸ್‌ಎಸ್ ಕಡತ (ಪುಟದ ರೂಪ, ಅಳತೆ ಹೇಳುವುದು) ತೆರೆದು ನೋಡು. ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿದ ಎತ್ತರಗಳು ಸಿಗುತ್ತವೆ, ಅವುಗಳ ಆಸುಪಾಸಿನಲ್ಲಿಯೇ 'ಓವರ್‌ಫ್ಲೋ ಹಿಡನ್' ಇರುತ್ತದೆ. ಪೆಟ್ಟಿಗೆಯಿಂದ ಹೊರಗೆ ಚಾಚಿದ್ದನ್ನೆಲ್ಲ ಅಡಗಿಸು ಎಂದು ಬ್ರೌಸರಿಗೆ ಹೇಳುವುದೇ ಅದು. ನಿನ್ನ ಠ ಒತ್ತು ಅಲ್ಲಿಯೇ ಇದೆ, ಪೆಟ್ಟಿಗೆ ಅದನ್ನು ನುಂಗಿದೆ.

ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಜಿ, ಪಿ, ವೈ ಮುಂತಾದ ಕೆಲವೇ ಸಣ್ಣಕ್ಷರಗಳ ಬಾಲ. ಆದ್ದರಿಂದ ಅಲ್ಲಿನ ವಿನ್ಯಾಸಕಾರರು ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1 ಅಥವಾ 1.2 ಪಟ್ಟು ಇಟ್ಟು ನಿಶ್ಚಿಂತೆಯಿಂದ ಇರುತ್ತಾರೆ. ನಮ್ಮಲ್ಲಿ ಕೆಳಗೆ ಇಳಿಯುವುದು ಒಂದು ಪೂರ್ತಿ ವ್ಯಂಜನ. 'ರಾಷ್ಟ್ರೀಯ' ಎಂದು ಬರೆದರೆ ಷಕಾರದ ಅಡಿಯಲ್ಲಿ ಎರಡು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇಷ್ಟಕ್ಕೂ ಜಾಗ ಬೇಕು. ಕನ್ನಡದ ಬರಹಕ್ಕೆ ನಾನು 1.6ರಿಂದ 1.8 ಇಡುತ್ತೇನೆ, ದೊಡ್ಡ ತಲೆಬರಹಕ್ಕೆ 1.4ರಷ್ಟು ಸಾಕು. ಇದನ್ನು ಪಿಕ್ಸೆಲ್ ಎಂದು ಬರೆಯಬೇಡ, ಬರೀ ಸಂಖ್ಯೆ ಬರೆ. ಓದುವವನು ಅಕ್ಷರ ಹಿಗ್ಗಿಸಿದಾಗ ಸಾಲೂ ಹಿಗ್ಗುತ್ತದೆ. ಗುಂಡಿಗೆ ನಿಗದಿತ ಎತ್ತರ ಕೊಡದೆ ಕನಿಷ್ಠ ಎತ್ತರ ಕೊಟ್ಟು, ಒಳಗೆ ಮೇಲೂ ಕೆಳಗೂ ಅಂಚು ಬಿಡು.

ಜಾಲಪುಟಗಳ ಸುಗಮ ಬಳಕೆಗೆ, ಜಾಲದ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಕೊಟ್ಟ ಮಾರ್ಗಸೂಚಿಯಲ್ಲಿಯೂ 2018ರ 2.1 ಆವೃತ್ತಿಯಿಂದ ಒಂದು ನಿಯಮವಿದೆ: ಓದುವವನು ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟಿಗೆ ಏರಿಸಿಕೊಂಡರೂ ಪುಟದ ಯಾವ ಮಾತೂ ಕತ್ತರಿಸಿಹೋಗಬಾರದು. ಈ ಒಂದು ಪರೀಕ್ಷೆ ಪಾಸಾದ ಪುಟದಲ್ಲಿ ಕನ್ನಡಕ್ಕೆ ಮುಕ್ಕಾಲು ಪಾಲು ಜಾಗ ತಾನಾಗಿಯೇ ಸಿಕ್ಕಿರುತ್ತದೆ.

ಮೊಳೆಜೋಡಿಸಿದವ, ಕಲಬುರಗಿ

ಸೂಪರ್ ಮಾರ್ಕೆಟ್ ಹತ್ತಿರದ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವುದರಿಂದ ಆರಂಭಿಸಿ ಡಿಟಿಪಿ ತನಕ ಕೆಲಸ ಮಾಡಿದವನು ನಾನು. ಒತ್ತುಗಳಿಗೆ ಬೇರೆಯೇ ಮೊಳೆಗಳಿದ್ದವು. ಸಾಲು ಮತ್ತು ಸಾಲಿನ ನಡುವೆ ಸೀಸದ ಪಟ್ಟಿ ಹಾಕುತ್ತಿದ್ದೆವು, ಪಟ್ಟಿ ತೆಳುವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದಂತೆ ಕಾಣುತ್ತಿತ್ತು. ಮಾಲೀಕರು ಕಾಗದ ಉಳಿಸಲು ಪಟ್ಟಿ ತೆಗೆಯಿರಿ ಎನ್ನುತ್ತಿದ್ದರು, ಕರಡು ತಿದ್ದುವವರು ಹಾಕಿ ಎನ್ನುತ್ತಿದ್ದರು. ಪರದೆಯ ಮೇಲೆ ಕಾಗದದ ಖರ್ಚೇ ಇಲ್ಲ. ಆದರೂ ಈ ಕಾಲದ ಹುಡುಗರಿಗೆ ಇಷ್ಟು ಜಿಪುಣತನ ಏಕೆ ಎಂಬುದು ನನಗೆ ತಿಳಿಯದು.

ಇನ್ನೊಂದು ಮಾತು. ಬಸವ ಜಯಂತಿಯ ಕರಪತ್ರವಿರಲಿ, ಅಡತಿ ಅಂಗಡಿಯ ಧಾರಣೆಯಿರಲಿ, ವಾಟ್ಸ್‌ಆ್ಯಪ್‌ನಲ್ಲಿ ಎಲ್ಲವೂ ಚಿತ್ರವಾಗಿ ಓಡಾಡುತ್ತದೆ. ಜನರಿಗೆ ಟೈಪ್ ಮಾಡಲು ಸೋಮಾರಿತನ ಎಂದು ಬೈಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಹೊಂದಿಸಿದ ಕನ್ನಡ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತಿತ್ತು. ಚಿತ್ರ ಮಾಡಿ ಕಳಿಸಿದರೆ ಮಾತ್ರ ಒತ್ತು ಒತ್ತಾಗಿ, ಕೊಂಬು ಕೊಂಬಾಗಿ ಹೋಗಿ ಮುಟ್ಟುತ್ತಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಅಕ್ಷರಸಂಕೇತ ಕೊಡುವ ಯುನಿಕೋಡ್ ಬಂದ ಮೇಲೆಯೂ ಆ ಭಯ ಹೋಗಿಲ್ಲ. ನಿನ್ನ 'ಕನಿಷ' ನೋಡಿದರೆ ಹೋಗಬೇಕಾದ ಕಾರಣವೂ ಕಾಣುವುದಿಲ್ಲ.

ಮಸುಕುಗಾಜು, ಸೇಡಂ

ಕಾಕಾ, ಚಿತ್ರದ ಕಾರಣ ನೀವು ಹೇಳಿದ್ದು ಸರಿ. ಆದರೆ ನನ್ನಂಥ ದೃಷ್ಟಿ ಕಡಿಮೆ ಇರುವವರಿಗೆ ಆ ಚಿತ್ರ ಬರೀ ಗೋಡೆ. ನಾನು ಮೊಬೈಲನ್ನು ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಮೂಲಕ ಕೇಳಿಸಿಕೊಳ್ಳುತ್ತೇನೆ. ಯುನಿಕೋಡ್ ಅಕ್ಷರವಾಗಿದ್ದರೆ ಅದು ಓದುತ್ತದೆ, ಚಿತ್ರವಾಗಿದ್ದರೆ 'ಚಿತ್ರ' ಎಂದು ಹೇಳಿ ಮುಂದೆ ಹೋಗುತ್ತದೆ. ಗಂಜ್‌ಹುಡುಗ ಅವರೇ, ಪುಟದ ಆರಂಭದಲ್ಲಿ ಭಾಷೆ ಕನ್ನಡ ಎಂದು 'ಲ್ಯಾಂಗ್' ಗುಣದಲ್ಲಿ 'ಕೆಎನ್' ನಮೂದಿಸಿ, ಉರ್ದು ಭಾಗಕ್ಕೆ 'ಯುಆರ್'. ಸಿದ್ಧ ಚೌಕಟ್ಟುಗಳಲ್ಲಿ ಅದು 'ಇಎನ್' ಎಂದೇ ಉಳಿದಿರುತ್ತದೆ. ಆಗ ಧ್ವನಿ ಯಂತ್ರ ಯಾವ ಭಾಷೆಯ ನಾಲಿಗೆ ಹಚ್ಚಬೇಕೆಂದು ತಿಳಿಯದೆ ತೊದಲುತ್ತದೆ. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಇಡುವ ಈಗಿನ ಚಾಳಿಯನ್ನೂ ದಯವಿಟ್ಟು ಬಿಡಿ. ಸಾಮಾನ್ಯ ಗಾತ್ರದ ಬರಹಕ್ಕೆ ಹಿನ್ನೆಲೆಯೊಂದಿಗೆ 4.5ಕ್ಕೆ 1ರ ವ್ಯತ್ಯಾಸವಾದರೂ ಇರಬೇಕು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಅದೂ ಸಾಲದು.

ಅಷ್ಟೂರಿನವಳು, ಬೀದರ್

ಉರ್ದುವಿನ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಶಾಲೆಯಲ್ಲಿ ಉರ್ದು, ಕನ್ನಡ ಎರಡನ್ನೂ ಕಲಿಸುತ್ತೇನೆ.

ಉರ್ದುವನ್ನು ಇಲ್ಲಿನ ಜನ ನಸ್ತಾಲಿಕ್ ಶೈಲಿಯಲ್ಲಿ ಓದಿ ರೂಢಿ. ಅದರಲ್ಲಿ ಪದ ಬಲಗಡೆ ಮೇಲಿನಿಂದ ಶುರುವಾಗಿ ಎಡಕ್ಕೆ ಕೆಳಗೆ ಇಳಿಯುತ್ತದೆ, ಪದ ಉದ್ದವಾದಷ್ಟೂ ಅದು ಶುರುವಾಗುವ ಎತ್ತರ ಹೆಚ್ಚು. ಹೀಗಾಗಿ ಸಾಲಿನ ಎತ್ತರ 2ಕ್ಕಿಂತ ಕಡಿಮೆಯಾದರೆ ಚುಕ್ಕೆಗಳು ಮೇಲಿನ ಸಾಲಿಗೆ ಹೋಗಿ ಸೇರುತ್ತವೆ. ಫಾಂಟ್ ಹೆಸರು ಕೊಡದೆ ಬಿಟ್ಟರೆ ಎಷ್ಟೋ ಮೊಬೈಲುಗಳಲ್ಲಿ ಉರ್ದು ನಸ್ಖ್ ಶೈಲಿಯಲ್ಲಿ ಮೂಡುತ್ತದೆ, ಅರಬ್ಬಿ ಪುಸ್ತಕದಂತೆ. ಓದಬಹುದು, ಆದರೆ ನಮ್ಮ ಹಿರಿಯರು ಅದನ್ನು ಉರ್ದು ಎಂದು ಒಪ್ಪುವುದಿಲ್ಲ. 'ನೋಟೋ ನಸ್ತಾಲಿಕ್ ಉರ್ದು' ಉಚಿತವಾಗಿ ಸಿಗುತ್ತದೆ, ಅದನ್ನು ಹಾಕಿ.

ಈ ಲಿಪಿಯನ್ನು ಯಂತ್ರಕ್ಕೆ ಒಗ್ಗಿಸುವುದು ಎಷ್ಟು ಕಷ್ಟವಾಗಿತ್ತೆಂದರೆ ಉರ್ದು ಪತ್ರಿಕೆಗಳನ್ನು ಕಾತಿಬರು (ಲಿಪಿಕಾರರು) ಕೈಯಿಂದಲೇ ಬರೆಯುತ್ತಿದ್ದರು. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಮೋನೋಟೈಪ್ ಕಂಪನಿಯೊಂದಿಗೆ ನೂರಿ ನಸ್ತಾಲಿಕ್ ತಂದ ಮೇಲೆ ಆ ಕೆಲಸ ಕಂಪ್ಯೂಟರಿಗೆ ಹೋಯಿತು. ಅದಕ್ಕಾಗಿ ಅವರು ಸಾವಿರಾರು ಜೋಡಣೆಗಳನ್ನು ಒಂದೊಂದಾಗಿ ಬರೆದಿದ್ದರು. ಇಷ್ಟು ದುಡಿಮೆಯಿಂದ ಬಂದ ಅಕ್ಷರದ ತಲೆಯನ್ನು ನಿಮ್ಮ ಪೆಟ್ಟಿಗೆ ಕತ್ತರಿಸುತ್ತಿದೆ.

ಇನ್ನು ಬಲ-ಎಡದ ವಿಷಯ. ಉರ್ದು ಆಯ್ಕೆ ಮಾಡಿದರೆ ಪಟ್ಟಿಯ ಕಾಲಂಗಳೂ ಬಲದಿಂದ ಶುರುವಾಗಬೇಕು, ಬೆಳೆಯ ಹೆಸರು ಬಲತುದಿಗೆ ಬರಬೇಕು. ಅಕ್ಷರ ಮಾತ್ರ ತಿರುಗಿಸಿ ಪಟ್ಟಿ ಹಾಗೆಯೇ ಬಿಟ್ಟ ಪುಟಗಳನ್ನು ಬಹಳ ನೋಡಿದ್ದೇನೆ. ನಮ್ಮೂರಿನ ಮಹಮೂದ್ ಗಾವಾನ್ ಮದರಸಾ 1472ರದು. ಅದರ ಗೋಡೆಯ ಹೆಂಚಿನ ಮೇಲಿನ ಅಕ್ಷರಪಟ್ಟಿಯನ್ನು ಒಮ್ಮೆ ಬಂದು ನೋಡಿ. ಅಕ್ಷರಕ್ಕೆ ಎಷ್ಟು ಜಾಗ ಬೇಕೋ ಅಷ್ಟು ಅಗಲದ ಪಟ್ಟಿಯನ್ನು ಗೋಡೆಯೇ ಬಿಟ್ಟುಕೊಟ್ಟಿದೆ.

ಭೀಮಾದಡ, ಯಾದಗಿರಿ (ಸದ್ಯ ಬೆಂಗಳೂರು)

ಅಕ್ಕನವರು ಹೇಳಿದ್ದಕ್ಕೆ ಸಿಎಸ್‌ಎಸ್‌ನಲ್ಲಿ ಸುಲಭ ದಾರಿ ಇದೆ. ಎಡ ಅಂಚು, ಬಲ ಅಂಚು ಎಂದು ಬರೆಯುವುದನ್ನೇ ಬಿಟ್ಟು 'ಇನ್‌ಲೈನ್ ಸ್ಟಾರ್ಟ್', 'ಇನ್‌ಲೈನ್ ಎಂಡ್' ಎಂದು ಬರೆದರೆ ಸಾಲು ಎಲ್ಲಿಂದ ಶುರುವಾಗುತ್ತದೆಯೋ ಅದರಂತೆ ಅಂಚು ತಾನೇ ತಿರುಗುತ್ತದೆ. ಉರ್ದು ಭಾಗದಲ್ಲಿ ಬರಹದ ದಿಕ್ಕು ಹೇಳುವ 'ಡಿಐಆರ್' ಗುಣವನ್ನು ಬಲದಿಂದ ಎಡಕ್ಕೆ, ಅಂದರೆ 'ಆರ್‌ಟಿಎಲ್' ಮಾಡಿದರೆ ಕಾಲಂಗಳೂ ತಿರುಗುತ್ತವೆ.

ಈಗ ಫಾಂಟ್. ಧಾರಣೆ ಪಟ್ಟಿಗೆ ನನ್ನ ಮತ 'ಅನೇಕ್ ಕನ್ನಡ'. ಮುಂಬೈಯ ಏಕ್ ಟೈಪ್ ಮಾಡಿದ್ದು, ಮುಕ್ತ ಪರವಾನಗಿ. ಅದು ವೇರಿಯಬಲ್ ಫಾಂಟ್, ಅಂದರೆ ಒಂದೇ ಕಡತದಲ್ಲಿ ದಪ್ಪ 100ರಿಂದ 800ರವರೆಗೆ, ಅಗಲ ಶೇ 75ರಿಂದ 125ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಕನ್ನಡ ಅಕ್ಷರಗಳು ಅಗಲ, ಮೊಬೈಲ್ ಪರದೆ ಕಿರಿದು, ನಿನ್ನದು ನಾಲ್ಕು ಕಾಲಂ. ತಲೆಬರಹದ ಅಗಲವನ್ನು 80ಕ್ಕೆ ಇಳಿಸಿದರೆ ಗಾತ್ರ ಕುಗ್ಗಿಸದೆ 'ಮಾದರಿ ಬೆಲೆ' (ಆ ದಿನ ಹೆಚ್ಚು ಮಾಲು ಹೋದ ಬೆಲೆ) ಒಂದೇ ಸಾಲಿನಲ್ಲಿ ಕೂರುತ್ತದೆ. 'ಹುಬ್ಬಳ್ಳಿ' ಎಂಬ ಹೆಸರಿನ ಫಾಂಟೂ ಇದೆ, ತೆಳುಗೆರೆಯದು, ಚೆಂದ, ಬಿಸಿಲಿನಲ್ಲಿ ಕಾಣುವುದಿಲ್ಲ. (ಕಲಬುರಗಿ ಹೆಸರಿನ ಫಾಂಟ್ ಬರಲಿ ಎಂಬ ಆಸೆ ನನಗಿದೆ. ಗಟ್ಟಿ ಅಕ್ಷರವಾಗಿರಬೇಕು, ಶಹಾಬಾದ್ ಕಲ್ಲಿನಂತೆ.)

ಫಾಂಟ್ ಕಡತ ಹಗುರ ಮಾಡಲು ಹೋಗಿ ಕೆಲವರು ಕನ್ನಡದ ವ್ಯಾಪ್ತಿಯನ್ನು ಮಾತ್ರ, ಅಂದರೆ ಯುನಿಕೋಡಿನ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಮಾತ್ರ, ಉಳಿಸಿಕೊಳ್ಳುತ್ತಾರೆ. 200ಸಿ, 200ಡಿ ಎಂಬ ಕಣ್ಣಿಗೆ ಕಾಣದ ಎರಡು ಸಂಕೇತಗಳನ್ನೂ ಸೇರಿಸು. 'ಸಾಫ್ಟ್‌ವೇರ್' ಪದದಲ್ಲಿ ಟಕಾರಕ್ಕೆ ವ ಒತ್ತು ಬೀಳದಂತೆ ತಡೆಯುವುದು, 'ರ‍್ಯಾಲಿ'ಯಲ್ಲಿ ರಕಾರ ಅರ್ಕಾವತ್ತಾಗದಂತೆ ಉಳಿಸುವುದು ಇವೇ.

ಕನ್ನಡಕ್ಕೆ ಅಕ್ಷರಗಳ ನಡುವಿನ ಅಂತರ ಹೆಚ್ಚಿಸಬೇಡ. ಇಂಗ್ಲಿಷಿನ ದೊಡ್ಡಕ್ಷರದ ತಲೆಬರಹಕ್ಕೆ ಅದು ಒಪ್ಪುತ್ತದೆ, ನಮ್ಮಲ್ಲಿ ಪದ ಚದುರಿಹೋಗುತ್ತದೆ. ಓರೆ ಅಕ್ಷರವೂ ಬೇಡ. ನಮ್ಮ ಬಹಳಷ್ಟು ಫಾಂಟುಗಳಲ್ಲಿ ಅದು ಇಲ್ಲವೇ ಇಲ್ಲ, ಬ್ರೌಸರ್ ನೇರ ಅಕ್ಷರವನ್ನೇ ಬಗ್ಗಿಸಿ ತೋರಿಸುತ್ತದೆ. ಕೊಂಡಿಯ ಅಡಿಗೆರೆಯನ್ನು ಸ್ವಲ್ಪ ಕೆಳಕ್ಕೆ ಸರಿಸು, ಇಲ್ಲವಾದರೆ ಗೆರೆ ಪ್ರತಿ ಒತ್ತಿನ ಬಳಿ ತುಂಡಾಗುತ್ತದೆ.

ಮೊಳೆಜೋಡಿಸಿದವ, ಕಲಬುರಗಿ

ಅಂಕಿಗಳ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕನ್ನಡ ಪುಟದಲ್ಲಿ ಕನ್ನಡ ಅಂಕಿಯೇ ಇರಬೇಕು. ಬಸ್ಸಿನ ಮೇಲೆ ಓದುವ ಜನ ಬೆಲೆಪಟ್ಟಿಯಲ್ಲಿ ಓದುವುದಿಲ್ಲವೇ?

ಸುರಪುರದಕ್ಕ, ಯಾದಗಿರಿ ಜಿಲ್ಲೆ

ಕಾಕಾ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಬೆಲೆಪಟ್ಟಿಯಲ್ಲಿ ಬೇಡ. ನಾನು ಸೇವಾ ಕೇಂದ್ರ ನಡೆಸುತ್ತೇನೆ, ಜನ ಪರದೆಯನ್ನು ಹೇಗೆ ಓದುತ್ತಾರೆ ಎಂಬುದನ್ನು ದಿನವೂ ನೋಡುತ್ತೇನೆ. ಸಣ್ಣ ಗಾತ್ರದಲ್ಲಿ ೬ ಮತ್ತು ೯ ಎರಡೂ ಒಂದೇ ತರಹ ಕಾಣುತ್ತವೆ. ೬೯೬೦ ಮತ್ತು ೯೬೬೦ ಎಂದು ಅಕ್ಕಪಕ್ಕ ಬರೆದು ಚಸ್ಮಾ ಇಲ್ಲದವರಿಗೆ ತೋರಿಸಿ. ಕ್ವಿಂಟಲಿಗೆ 2700 ರೂಪಾಯಿಯ ಜಗಳ ಅದು. ಎಪಿಎಂಸಿಯ ಚೀಟಿ, ಬ್ಯಾಂಕಿನ ಪಾಸ್‌ಬುಕ್, ನೋಟು ಎಲ್ಲದರಲ್ಲಿಯೂ 6960 ಎಂದೇ ಜನ ಓದುವುದು. ದಿನಾಂಕಕ್ಕೆ ಬೇಕಾದರೆ ಕನ್ನಡ ಅಂಕಿ ಇಡಲಿ, ಹಣಕ್ಕೆ ಬೇಡ.

ಸೊನ್ನೆಯ ತೊಂದರೆ ಬೇರೆ. ಕನ್ನಡದ ಸೊನ್ನೆ ಅಂಕಿ ಮತ್ತು ಅನುಸ್ವಾರ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. 'ಶೇಂಗಾ' ಎಂದು ಬರೆಯುವಾಗ ಯಾರೋ ಅನುಸ್ವಾರದ ಬದಲು ಸೊನ್ನೆ ಒತ್ತಿರುತ್ತಾರೆ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಅರ್ಜಿ ನಮೂನೆಗಳಲ್ಲಿ ಇದು ಸಾಕಷ್ಟು ಗೋಳು ತಂದಿದೆ. ಇನ್ನು ಹೆಸರಿನ ಖಾನೆಗೆ ಹತ್ತು ಅಕ್ಷರದ ಮಿತಿ ಇಟ್ಟ ನಮೂನೆಯಲ್ಲಿ 'ಮಲ್ಲಿಕಾರ್ಜುನ' ತುಂಬಲು ಆಗಲಿಲ್ಲ. ಎಣಿಸಿದರೆ ಐದೇ ಅಕ್ಷರ. ಇದು ಏಕೆ ಎಂದು ಯಾರಾದರೂ ಹೇಳುತ್ತೀರಾ?

ಭೀಮಾದಡ, ಯಾದಗಿರಿ (ಸದ್ಯ ಬೆಂಗಳೂರು)

ಅಕ್ಕಾ, ಕಂಪ್ಯೂಟರ್ ಎಣಿಸುವುದು ಅಕ್ಷರಗಳನ್ನಲ್ಲ, ಯುನಿಕೋಡ್ ಸಂಕೇತಗಳನ್ನು. 'ಲ್ಲಿ' ನಮಗೆ ಒಂದು; ಅದಕ್ಕೆ ಲ, ಅರ್ಧಾಕ್ಷರದ ಚಿಹ್ನೆ (್), ಇನ್ನೊಂದು ಲ, ಗುಡಿಸು ಸೇರಿ ನಾಲ್ಕು. 'ರ್ಜು' ಕೂಡ ನಾಲ್ಕು, 'ಕಾ' ಎರಡು. ಮಲ್ಲಿಕಾರ್ಜುನ ಒಟ್ಟು 12. ಇಂಗ್ಲಿಷ್ ಹೆಸರಿನ ಲೆಕ್ಕದಲ್ಲಿ ಮಿತಿ ಇಟ್ಟವರು ಇದನ್ನು ಯೋಚಿಸಿರುವುದಿಲ್ಲ. ಎಸ್‌ಎಂಎಸ್‌ನಲ್ಲಿಯೂ ಇದೇ ಕಥೆ: ಇಂಗ್ಲಿಷಾದರೆ ಒಂದು ಸಂದೇಶಕ್ಕೆ 160, ಕನ್ನಡವಾದರೆ 70 ಸಂಕೇತಗಳು ಮಾತ್ರ. ಗಂಜ್‌ಹುಡುಗಾ, ನಿನ್ನ ವ್ಯಾಪಾರಿ ಧಾರಣೆಯನ್ನು ಎಸ್‌ಎಂಎಸ್ ಕಳಿಸುವ ಮಾತಾಡಿದರೆ ಈ ಖರ್ಚನ್ನು ಮೊದಲೇ ಹೇಳಿಬಿಡು.

ಬೆಲೆಗೆ 0–9 ಅಂಕಿಗಳೇ ಇರಲಿ ಎಂಬುದಕ್ಕೆ ನನ್ನ ಮತವೂ ಸೇರಿಸಿ. 'ಟ್ಯಾಬುಲರ್ ನಮ್ಸ್' ಹಾಕಿದರೆ, ಫಾಂಟಿನಲ್ಲಿ ಆ ಸೌಲಭ್ಯ ಇದ್ದಲ್ಲಿ, ಎಲ್ಲ ಅಂಕಿಗಳೂ ಒಂದೇ ಅಗಲಕ್ಕೆ ಬಂದು ಸಾವಿರ, ನೂರು, ಹತ್ತು ಒಂದರ ಕೆಳಗೊಂದು ನಿಲ್ಲುತ್ತವೆ.

ಮೊಳೆಜೋಡಿಸಿದವ, ಕಲಬುರಗಿ

೬–೯ರ ಮಾತು ಒಪ್ಪಿದೆ. ದಿನಾಂಕದಲ್ಲಿ ಬಿಟ್ಟುಕೊಡುವುದಿಲ್ಲ.

ಕಡಗಂಚಿ ಹಾಸ್ಟೆಲ್, ಆಳಂದ ರಸ್ತೆ

ಇಷ್ಟೆಲ್ಲ ಒತ್ತು, ಕೊಂಬಿನ ಚರ್ಚೆ ನೋಡಿದರೆ ವ್ಯಾಪಾರಿಯ ಮಗನೇ ಬುದ್ಧಿವಂತ ಎನಿಸುತ್ತದೆ. ಮುಂದಿನ ಪರದೆ ಮಾತಿನದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಭಾಷಿಣಿ ಎಂಬ ಅನುವಾದ, ಧ್ವನಿ ಸೇವೆಯಲ್ಲಿ ಕನ್ನಡ, ಉರ್ದು ಎರಡೂ ಇವೆ. ಬ್ರೌಸರಿನಲ್ಲಿಯೇ ಮಾತನ್ನು ಗುರುತಿಸುವ ಸೌಲಭ್ಯವಿದೆ. 'ಇವತ್ತು ತೊಗರಿ ಎಷ್ಟು' ಎಂದು ಕೇಳಿದರೆ ಉತ್ತರ ಬರಬೇಕು. ಪಟ್ಟಿ, ಕಾಲಂ, ಫಾಂಟ್ ಯಾವುದೂ ಬೇಡ.

ಸುರಪುರದಕ್ಕ, ಯಾದಗಿರಿ ಜಿಲ್ಲೆ

ಗಂಜಿನಲ್ಲಿ ಸವಾಲು (ಹರಾಜು) ನಡೆಯುವ ಹೊತ್ತಿಗೆ ಒಮ್ಮೆ ಹೋಗಿ ನಿಂತುಕೊಳ್ಳಪ್ಪ. ಹಮಾಲರ ಕೂಗು, ಲಾರಿಯ ಹಾರನ್, ತೂಕದ ಯಂತ್ರದ ಸದ್ದು. ಎದುರಿಗಿದ್ದವರ ಮಾತೇ ನಮಗೆ ಕೇಳುವುದಿಲ್ಲ.

ಕೇಳಿಸಿತು ಎಂದೇ ಇಟ್ಟುಕೊಳ್ಳೋಣ. ನಮ್ಮ ರೈತ 'ಏಳು ಸಾವಿರದ ಐದು ನೂರು' ಎನ್ನುವುದಿಲ್ಲ, 'ಸಾಡೆ ಏಳು ಸಾವಿರ' ಎನ್ನುತ್ತಾನೆ. 7250 ಇದ್ದರೆ 'ಸವ್ವಾ ಏಳು', 7750 ಇದ್ದರೆ 'ಪಾವಣೆ ಎಂಟು'. 150ಕ್ಕೆ 'ದೀಡ ನೂರು'. ಮರಾಠಿ, ದಖನಿ, ಕನ್ನಡ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಯಂತ್ರ ಪಾವಣೆಯನ್ನು ಬಿಟ್ಟು ಎಂಟನ್ನು ಮಾತ್ರ ಕೇಳಿಸಿಕೊಂಡರೆ ಗತಿ ಏನು?

ಮಸುಕುಗಾಜು, ಸೇಡಂ

ನಾನು ದಿನವೂ ಮಾತಿನ ಯಂತ್ರ ಬಳಸುವವನು, ಆದರೂ ಮಾತೇ ಸಾಕು ಎನ್ನಲಾರೆ. ಮೂರು ಬೆಳೆಗೆ ಮೂರು ಮೂರರಂತೆ ಒಂಬತ್ತು ಬೆಲೆಗಳನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡು ಹೋಲಿಸುವುದು ಕಷ್ಟ, ಪಟ್ಟಿಯಾಗಿದ್ದರೆ ಹಿಂದೆ ಮುಂದೆ ಹೋಗಿ ಬೇಕಾದ ಸಾಲನ್ನು ಮತ್ತೆ ಕೇಳಬಹುದು. ಬೆಲೆಯನ್ನು ಎಲ್ಲರೆದುರು ಗಟ್ಟಿಯಾಗಿ ಕೇಳಲು ಮನಸ್ಸಿಲ್ಲದವರೂ ಇರುತ್ತಾರೆ, ಪಕ್ಕದಲ್ಲಿ ಖರೀದಿದಾರ ನಿಂತಿರುತ್ತಾನಲ್ಲ.

ಭೀಮಾದಡ, ಯಾದಗಿರಿ (ಸದ್ಯ ಬೆಂಗಳೂರು)

ಇಲ್ಲಿ ಕೇಳುವುದು ಮತ್ತು ಹೇಳುವುದು ಎರಡನ್ನೂ ಬೇರೆ ಮಾಡಿ ನೋಡಿ. ಇರುವುದೇ ಮೂರು ಬೆಳೆ. ಮೂರರ ಪೈಕಿ ಒಂದನ್ನು ಆರಿಸಲು ಮೈಕ್ ಏಕೆ? ಪರದೆಯ ಅಗಲದಷ್ಟು ಮೂರು ಗುಂಡಿ, ಕಾಳಿನ ಚಿತ್ರ, ದೊಡ್ಡ ಹೆಸರು. ಬೆರಳಿಗೆ ಸಿಗುವಂತೆ ಆಂಡ್ರಾಯ್ಡಿನವರು ಹೇಳುವ 48 ಡಿಪಿಗಿಂತ (ಡಿಪಿ ಅವರ ಪರದೆ ಅಳತೆಯ ಮಾನ) ಎತ್ತರ ಇರಲಿ. ಒತ್ತಿದರೆ ಬೆಲೆ ದೊಡ್ಡದಾಗಿ ಕಾಣಬೇಕು, ಜೊತೆಗೆ ಧ್ವನಿಯಲ್ಲಿಯೂ ಕೇಳಬೇಕು. ಹೇಳುವ ಕೆಲಸವನ್ನು ಯಂತ್ರಕ್ಕೆ ಕೊಡಬಹುದು, ಕೇಳಿಸಿಕೊಳ್ಳುವ ಕೆಲಸ ಸದ್ಯಕ್ಕೆ ಬೇಡ.

ಆ ಧ್ವನಿಯೂ ಕೃತಕವಾಗಿರಬೇಕಿಲ್ಲ. ರೈಲು ನಿಲ್ದಾಣದ ಪ್ರಕಟಣೆಯ ಹಾಗೆ ತುಣುಕುಗಳನ್ನು ಧ್ವನಿಮುದ್ರಿಸಿ ಜೋಡಿಸಬಹುದು. ವ್ಯಾಪಾರಿಯ ದನಿಯಲ್ಲಿಯೇ ಮಾಡು, ಗಿರಾಕಿಗಳಿಗೆ ಪರಿಚಿತ ಕಂಠ. ಆದರೆ 'ಸಾವಿರ' ಮತ್ತು 'ಸಾವಿರದ', 'ನೂರು' ಮತ್ತು 'ನೂರ' ಎರಡು ರೂಪವನ್ನೂ ಬೇರೆ ಬೇರೆ ಮುದ್ರಿಸಿಕೊಳ್ಳಬೇಕು. ಪುಟ ತೆರೆದ ಕೂಡಲೇ ಧ್ವನಿ ಹೊರಡಿಸಲು ಬ್ರೌಸರುಗಳು ಬಿಡುವುದಿಲ್ಲ, ಗುಂಡಿ ಒತ್ತಿದ ಮೇಲೆ ತಾನೇ ಹೇಳುವುದು, ಆದ್ದರಿಂದ ಅಡ್ಡಿಯಿಲ್ಲ.

ಕಡಗಂಚಿ ಹಾಸ್ಟೆಲ್, ಆಳಂದ ರಸ್ತೆ

ಮೂರು ಬೆಳೆಗೆ ನಿಮ್ಮ ಮಾತು ಸರಿ. ಮೂವತ್ತು ಬೆಳೆ, ಹತ್ತು ಮಾರುಕಟ್ಟೆ ಆದ ದಿನ ಗುಂಡಿಗಳು ಸಾಲುವುದಿಲ್ಲ, ಆಗ ಮತ್ತೆ ಮೈಕಿಗೇ ಬರಬೇಕಾಗುತ್ತದೆ. ಸಾಡೆ, ಸವ್ವಾ, ಪಾವಣೆಗಳ ಧ್ವನಿಗಳನ್ನು ಈಗಿನಿಂದಲೇ ಸಂಗ್ರಹಿಸಲು ಶುರು ಮಾಡದಿದ್ದರೆ ಆಗಲೂ ಯಂತ್ರಕ್ಕೆ ನಮ್ಮ ಕಡೆಯ ಮಾತು ತಿಳಿದಿರುವುದಿಲ್ಲ.

ಗಂಜ್‌ಹುಡುಗ, ಕಲಬುರಗಿ

ಎಲ್ಲರಿಗೂ ಧನ್ಯವಾದ. ಚೌಕಟ್ಟಿನ ಎತ್ತರಗಳನ್ನೆಲ್ಲ ಕಿತ್ತು ಹಾಕಿದೆ. ಕನ್ನಡಕ್ಕೆ 1.7, ಉರ್ದುವಿಗೆ 2.2 ಇಟ್ಟಿದ್ದೇನೆ. ಪಟ್ಟಿ ಉದ್ದವಾಯಿತು, ಎರಡು ಬಾರಿ ಜಾರಿಸಿ ನೋಡಬೇಕು, ವ್ಯಾಪಾರಿಗೆ ಅದರಿಂದ ಬೇಸರವಿಲ್ಲ. ಅನೇಕ್ ಕನ್ನಡದ ಅಗಲ 82ಕ್ಕೆ ನಿಂತಿತು. ದಿನಾಂಕ ಕನ್ನಡ ಅಂಕಿಗಳಲ್ಲಿದೆ ಕಾಕಾ. ಧ್ವನಿಮುದ್ರಣ ಅಮಾವಾಸ್ಯೆಗೆ, ಅಂದು ಗಂಜ್ ಬಂದ್ ಇರುವುದರಿಂದ ಸದ್ದಿರುವುದಿಲ್ಲ.

ಹೊಸ ತಲೆನೋವು: ತೂಕದ ಚೀಟಿಯನ್ನು ಅದೇ ಪುಟದಿಂದ ಸಣ್ಣ ಥರ್ಮಲ್ ಪ್ರಿಂಟರಿನಲ್ಲಿ ತೆಗೆಯಬೇಕಂತೆ. ಕನ್ನಡ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿವೆ.

ಭೀಮಾದಡ, ಯಾದಗಿರಿ (ಸದ್ಯ ಬೆಂಗಳೂರು)

ಆ ಪ್ರಿಂಟರುಗಳ ಒಳಗೆ ಕನ್ನಡ ಅಕ್ಷರಗಳೂ ಇರುವುದಿಲ್ಲ, ಒತ್ತು ಜೋಡಿಸುವ ತಿಳಿವಳಿಕೆಯೂ ಇರುವುದಿಲ್ಲ. ಚೀಟಿಯನ್ನು ಮೊಬೈಲಿನಲ್ಲಿಯೇ ಕಪ್ಪು-ಬಿಳುಪು ಚಿತ್ರವಾಗಿ ಬಿಡಿಸಿ ಕಳಿಸು.

ಮೊಳೆಜೋಡಿಸಿದವ, ಕಲಬುರಗಿ

ಕೊನೆಗೆ ಚಿತ್ರಕ್ಕೇ ಬಂದಿರಿ! ತೆಳು ಗೆರೆ ಆ ಕಾಗದದ ಮೇಲೆ ಬೇಗ ಅಳಿಸಿಹೋಗುತ್ತದೆ, ದಪ್ಪ 600ರ ಮೇಲಿರಲಿ. ಅದಕ್ಕಿಂತ ಬಹಳ ಏರಿಸಿದರೆ ಠ, ಧದಂಥ ಅಕ್ಷರಗಳ ಹೊಟ್ಟೆ ತುಂಬಿ ಮಸಿಯ ಚುಕ್ಕೆಯಾಗುತ್ತದೆ. ಒಂದು ಚೀಟಿ ತೆಗೆದು ಅಂಗಡಿಗೆ ತಾ, ಭೂತಗನ್ನಡಿ ಇಟ್ಟು ನೋಡಿ ಹೇಳುತ್ತೇನೆ.

ಸುರಪುರದಕ್ಕ, ಯಾದಗಿರಿ ಜಿಲ್ಲೆ

ಪುಟ ಸಿದ್ಧವಾದ ಮೇಲೆ ಕೊಂಡಿ ಇಲ್ಲಿ ಹಾಕಿ. ಯಾದಗಿರಿ ಮಾರುಕಟ್ಟೆಯ ಹತ್ತಿ, ಶೇಂಗಾ ಧಾರಣೆ ಸೇರಿಸಲು ನಿಮ್ಮ ವ್ಯಾಪಾರಿ ಒಪ್ಪುತ್ತಾರೆಯೇ ಎಂದು ಕೇಳಿ ನೋಡಿ. ಒಪ್ಪಿದರೆ ದಿನದ ಬೆಲೆ ತುಂಬುವ ಕೆಲಸ ನಾನು ಮಾಡುತ್ತೇನೆ.